ಹಾಲಿನಲ್ಲಿ ಪಾಲು

ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ತಿಂಗಳಲ್ಲಿ ಹೆತ್ತರು. ಮೊದಲು ಹಿರಿಸೊಸೆಗೆ ಗಂಡು, ಅದರ ಬೆನ್ನಿಗೇ ಕಿರಿಸೊಸೆಗೆ ಹೆಣ್ಣು. ಹೆಣ್ಣಿಗೆ ಚಿಟ್ಟೆ ಎಂದೂ ಗಂಡಿಗೆ ಗುಂಡ ಎಂದೂ ಅಡ್ಡಹೆಸರು ಬಿದ್ದವು. ಗುಂಡ ಆಗ ಗುಂಡಗೇನೂ ಇರಲಿಲ್ಲ. ಕೈಕಾಲು ಕಡ್ಡಿ, ಮುಖದ ತುಂಬ ಕಣ್ಣು. ಅತ್ತೆ ಆಸೆಪಟ್ಟು ಇಟ್ಟ ಹೆಸರು ಅದು.

ಹಿರಿಸೊಸೆ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಹಿಡಿದ ನೆರಿಗೆ ಒಂದರ ಪಕ್ಕ ಒಂದು ಅಚ್ಚು ಹೊಡೆದ ಹಾಗೆ ಬೀಳುತ್ತಿತ್ತು. ಅವಳ ಕೈಗೆ ಬಂದ ಬಟ್ಟೆ ಹೇಳಿದ ಮಾತು ಕೇಳುತ್ತಿತ್ತು. ಮಗು ಕೇಳಲಿಲ್ಲ. ಎದೆಗಿಟ್ಟರೆ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತಿದ್ದ. ಅವಳು ಹಲ್ಲು ಕಚ್ಚಿ ಕಣ್ಣೀರು ನುಂಗುತ್ತಿದ್ದಳು. ತೊಟ್ಟು ಒಡೆದು ರಕ್ತ ಬಂದಿತ್ತು. ಇಷ್ಟೆಲ್ಲ ಆದಮೇಲೂ ಅವನ ಹೊಟ್ಟೆ ತುಂಬದೆ ಕಿರುಚಾಟ.

ಪಕ್ಕದ ಕೋಣೆಯಲ್ಲಿ ಚಿಟ್ಟೆ ಕುಡಿಯುವ ಸದ್ದು ತೆಳುಗೋಡೆ ದಾಟಿ ಕೇಳುತ್ತಿತ್ತು. ಗುಟುಕ್, ಗುಟುಕ್, ಗುಟುಕ್. ಆಮೇಲೊಂದು ತೇಗು. ಕಿರಿಸೊಸೆಯ ಎದೆಯಲ್ಲಿ ಹಾಲು ನಿಲ್ಲುತ್ತಲೇ ಇರಲಿಲ್ಲ, ಒಂದು ಕಡೆ ಕುಡಿಸಿದರೆ ಇನ್ನೊಂದು ಕಡೆ ಸುರಿಯುತ್ತಿತ್ತು. "ಅಯ್ಯೋ ಅಕ್ಕ, ಇದೊಂದು ಕಾಟ. ಮತ್ತೆ ಅಂಗಿ ಬದಲಿಸ್ಬೇಕು" ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ಆ ಹುಡುಗಿ ನಿಜವಾಗಿಯೂ ಬೇಸರದಿಂದ ಹೇಳುತ್ತಿದ್ದಳೋ ಏನೋ. ಹಿರಿಸೊಸೆಯ ಕಿವಿಗೆ ಮಾತ್ರ ಅದು, ಕೊರಳ ಸರ ಭಾರವಾಯಿತು ಎಂದು ಊರಿಗೆಲ್ಲ ತೋರಿಸಿ ನರಳಿದ ಹಾಗೆ ಕೇಳುತ್ತಿತ್ತು.

ಅತ್ತೆ ಬೇರೆ. "ಕಿರಿಯವಳದ್ದು ನೋಡು, ನಲ್ಲಿ ಬಿಟ್ಟ ಹಾಗೆ. ನಿನಗೇನಾಯ್ತೇ? ಸರಿಯಾಗಿ ಊಟ ಮಾಡ್ತೀಯಾ ಇಲ್ವಾ?"

"ಮಾಡ್ತಿದ್ದೀನಿ ಅತ್ತೆ" ಎನ್ನುತ್ತ ಅವಳು ಬೇಡದಿದ್ದರೂ ಇನ್ನೊಂದು ಹಿಡಿ ಅನ್ನ ಬಡಿಸಿಕೊಳ್ಳುತ್ತಿದ್ದಳು.

ತಡೆಯಲಾರದೆ ಅವಳು ಗುಂಡನನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ನರ್ಸಮ್ಮ ಅವಳ ಎದುರು ಸ್ಟೂಲ್ ಎಳೆದು ಕೂತು, ಕುಡಿಸುವುದನ್ನು ನೋಡಿದಳು.

"ಎದೇನ ಅವನ ಕಡೆ ಬಗ್ಗಿಸಬೇಡಿ. ಅವನನ್ನ ಎದೆ ಹತ್ರ ತನ್ನಿ. ಆಕಳಿಸೋ ಹಾಗೆ ದೊಡ್ಡದಾಗಿ ಬಾಯಿ ತೆಗೀಲಿ, ಅಲ್ಲಿವರೆಗೂ ಕಾಯಿರಿ. ಹಾಂ, ಈಗ. ಸುತ್ತಲಿನ ಕಪ್ಪು ಭಾಗಾನೂ ಒಳಗೆ ಹೋಗ್ಬೇಕು. ಗದ್ದ ತಾಕಿದೆಯಾ?"

"ತಾಕಿದೆ. ನನಗೆ ಹಾಲೇ ಕಮ್ಮಿ ಅಲ್ವಾ ಸಿಸ್ಟರ್?"

"ಹಾಲು ತೊಟ್ಟೀಲಿ ತುಂಬಿಟ್ಟ ನೀರಾ, ಇಷ್ಟೇ ಇದೆ ಅನ್ನೋಕೆ? ಮಗು ಎಳೆದಷ್ಟೂ ಬರುತ್ತೆ. ಎಳೆಯದೇ ಹೋದ್ರೆ, ಇಲ್ಲಿ ಕೇಳೋರಿಲ್ಲ ಅಂತ ಎದೆ ತಾನೂ ಕಮ್ಮಿ ಮಾಡುತ್ತೆ. ಸದ್ಯಕ್ಕೆ ತೂಕ ಏರೋವರೆಗೆ ಡಾಕ್ಟರ್ ಹೇಳಿದ ಪುಡಿ ಹಾಲೂ ಇರಲಿ. ಆದ್ರೆ ಮೊದಲು ಎದೆ, ಆಮೇಲೆ ಬಾಟಲಿ. ಹಿಂದುಮುಂದು ಮಾಡಬೇಡಿ."

"ನಮ್ಮನೇಲಿ ಇನ್ನೊಬ್ಬಳಿದ್ದಾಳೆ, ನನ್ನ ವಾರಗಿತ್ತಿ. ಅವಳಿಗೆ ಸುರಿಯುತ್ತೆ."

ನರ್ಸಮ್ಮ ನಕ್ಕಳು. "ನಿಮ್ಮ ಮಗ ಅವಳ ಎದೆ ನೋಡ್ತಿಲ್ಲಮ್ಮ. ನೀವೇ ನೋಡ್ತಿರೋದು."

ಅಲ್ಲಿಂದ ನೋವು ಇಳಿಯಿತು. ಗಾಯ ಒಣಗಿತು. ಹೊಟ್ಟೆಉರಿ ಮಾತ್ರ ಒಣಗಲಿಲ್ಲ.

ರಜೆ ಮುಗಿದು ಅವಳು ಅಂಗಡಿಗೆ ಹೊರಟಾಗ ಗುಂಡ ಅಜ್ಜಿಯ ಕೈಗೆ ಬಂದ. ಅಂಗಡಿಯ ಯಜಮಾನಿಯದು ಬಾಯಿ ಜೋರು, ಮನಸ್ಸು ಮೆತ್ತಗೆ. "ಹಾಲು ಹಿಂಡ್ಕೋಬೇಕು ಅಂದಾಗ ಮೆಷಿನ್ ನಿಲ್ಲಿಸಿ ಹೋಗಮ್ಮ. ಪರದೆಗೇನು ಕಾಲಿದೆಯಾ, ಓಡಿಹೋಗೋಕೆ?" ಎಂದಳು. ಹಿಂದಿನ ಕೋಣೆಯಲ್ಲಿ ಗೋಡೆಗೊರಗಿಸಿದ ಬಟ್ಟೆಯ ಸುರುಳಿಗಳ ನಡುವೆ ಒಂದು ಮುರುಕು ಕುರ್ಚಿ. ಕೈ ತೊಳೆದು ಅಲ್ಲಿ ಕೂತು, ಬೆರಳುಗಳಿಂದ ಒತ್ತಿ ಒತ್ತಿ ಗಾಜಿನ ಸೀಸೆಗೆ ಹಾಲು ಇಳಿಸುತ್ತಿದ್ದಳು. ಮೊದಲು ಹನಿ, ಆಮೇಲೆ ಎಳೆ. ಸೀಸೆಯ ತಳ ಮುಚ್ಚಿದರೆ ಅವತ್ತು ಅವಳಿಗೆ ಗೆದ್ದ ಹಾಗೆ. ಮುಚ್ಚಳ ಬಿಗಿದು, ತಣ್ಣನೆಯ ಚೀಲದಲ್ಲಿಟ್ಟು ಸಂಜೆ ಮನೆಗೆ ತಂದು ಫ್ರಿಜ್ಜಿನಲ್ಲಿಡುತ್ತಿದ್ದಳು, ಮರುದಿನ ಹಗಲಿಗೆ.

ಗುಂಡ ತುಂಬಿಕೊಂಡ. ಮಣಿಕಟ್ಟಿನಲ್ಲಿ ದಾರ ಕಟ್ಟಿದಂತೆ ಮಡಿಕೆ ಬಂತು. ಪುಡಿ ಹಾಲಿನ ಡಬ್ಬಿ ಮುಟ್ಟಿಯೇ ಇಲ್ಲ ಎಂದು ಅತ್ತೆ ಹೇಳಿದಾಗ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಂಗಡಿಯಲ್ಲಿ ಜೊತೆಗೆ ಹೊಲಿಯುವವರಿಗೆ ಮೆಷಿನ್ನಿನ ಸದ್ದನ್ನೂ ಮೀರಿಸಿ ಹೇಳಿದಳು: "ಬರೀ ನನ್ನ ಹಾಲು, ಗೊತ್ತಾ? ಆ ಸೀಸೆ ನೋಡಿ ನೀವೆಲ್ಲ ನಗ್ತಿದ್ರಲ್ಲ!"

ಒಂದೇ ಒಂದು ಮುಳ್ಳು. ಸಂಜೆ ಅವಳು ಎದೆಗೆ ತೆಗೆದುಕೊಂಡರೆ ಗುಂಡ ಎರಡು ಗುಟುಕು ಎಳೆದು ಮುಖ ಆಚೆ ತಿರುಗಿಸುತ್ತಿದ್ದ. ಹಸಿವಿಲ್ಲದವನು ನೆಂಟರ ಮನೆಯಲ್ಲಿ ಮರ್ಯಾದೆಗೆ ಉಂಡ ಹಾಗೆ. ಅವನ ಕತ್ತಿನ ಹತ್ತಿರ ಮೂಸಿದರೆ ಕಿರಿಸೊಸೆ ಬಳಸುವ ಸೋಪಿನ ವಾಸನೆ. ಎತ್ತಿಕೊಂಡಿರುತ್ತಾಳೆ, ಇನ್ನೇನು ಎಂದುಕೊಂಡು ಸುಮ್ಮನಾದಳು.

ಒಂದು ಮಧ್ಯಾಹ್ನ ಅಂಗಡಿಯ ಬೀದಿಯಲ್ಲೆಲ್ಲ ಕರೆಂಟು ಹೋಯಿತು. ಯಜಮಾನಿ ಎಲ್ಲರನ್ನೂ ಮನೆಗೆ ಕಳಿಸಿದಳು. ಹಿರಿಸೊಸೆ ಮೆಟ್ಟಿಲು ಹತ್ತಿ, ತನ್ನ ಕೀಲಿಯಿಂದ ಬಾಗಿಲು ತೆರೆದಳು.

ಕಿಟಕಿಯ ಪಕ್ಕದ ತಗ್ಗು ಕುರ್ಚಿಯಲ್ಲಿ ಕಿರಿಸೊಸೆ ಕೂತಿದ್ದಳು. ಚಿಟ್ಟೆ ಚಾಪೆಯ ಮೇಲೆ ನಿದ್ದೆ ಹೋಗಿತ್ತು. ಮಡಿಲಲ್ಲಿದ್ದವನು ಗುಂಡ. ಕಣ್ಣು ಅರೆಮುಚ್ಚಿ, ಒಂದು ಕೈಯಿಂದ ಅವಳ ಕೊರಳ ಮೂಳೆಯನ್ನು ಮೆಲ್ಲಗೆ ತಟ್ಟುತ್ತ ಕುಡಿಯುತ್ತಿದ್ದ. ಗುಟುಕ್, ಗುಟುಕ್. ತನ್ನ ಹತ್ತಿರ ಅವನು ಯಾವತ್ತೂ ಹಾಗೆ ತಟ್ಟಿರಲಿಲ್ಲ.

ಅವಳಿಗೆ ಕಾಲಿನಿಂದ ತಲೆಯವರೆಗೆ ಉರಿದುಹೋಯಿತು.

"ಅಕ್ಕ... ಇಷ್ಟು ಬೇಗ..." ಕಿರಿಸೊಸೆಯ ಮುಖ ಬಿಳಿಚಿಕೊಂಡಿತು.

ಹಿರಿಸೊಸೆ ಒಂದೇ ಹೆಜ್ಜೆಗೆ ಹೋಗಿ ಮಗುವನ್ನು ಕಿತ್ತುಕೊಂಡಳು. ಬಾಯಿ ಬಿಡಿಸುವ ತಾಳ್ಮೆ ಯಾರಿಗಿತ್ತು? ಕಿರಿಸೊಸೆ ನೋವಿಗೆ ಚೀರಿದಳು. ಗುಂಡ ಕಿರುಚಿದ. ಅವನ ಕೆನ್ನೆಯ ಮೇಲೆಲ್ಲ ಹಾಲು ಚಿಮ್ಮಿತು.

"ಎಷ್ಟು ದಿನದಿಂದ ನಡೀತಿದೆ ಇದು?"

ಅಡಿಗೆಮನೆಯಿಂದ ಅತ್ತೆ ಓಡಿಬಂದರು. "ಕೂಗಾಡಬೇಡ್ವೇ, ಮಕ್ಕಳು ಹೆದರ್ತಾವೆ. ನಾನೇ ಹೇಳಿದ್ದು. ನೀನು ಕೆಲಸಕ್ಕೆ ಹೊರಟ ವಾರವೇ. ಮಗು ಅಳ್ತಿತ್ತು, ಅವಳ ಎದೇಲಿ ಹಾಲು ಸೋರಿ ಹಾಳಾಗ್ತಿತ್ತು. ತಪ್ಪೇನಿದೆ?"

"ನಾನು ತಂದಿಡ್ತಿದ್ದ ಹಾಲು?"

ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತರು. "ತಣ್ಣಗೆ ಕೊರೆಯೋದನ್ನ ಮಗುಗೆ ಹೇಗೆ ಕೊಡೋದು? ಮನೇಲೇ ಬಿಸಿ ಹಾಲಿರುವಾಗ..."

"ಎಲ್ಲಿ ಹೋಯ್ತು ಅಂತ ಕೇಳಿದೆ ಅತ್ತೆ."

"ಗಿಡಕ್ಕೆ ಹಾಕ್ತಿದ್ದೆ. ಚೆಲ್ಲಲಿಲ್ಲ ಮಾರಾಯ್ತಿ, ಮನಸ್ಸು ಬರಲಿಲ್ಲ."

ಬಾಲ್ಕನಿಯ ಕುಂಡದಲ್ಲಿ ಆ ಗಿಡ ಕೈಯಗಲದ ಎಲೆ ಬಿಟ್ಟುಕೊಂಡು ನಿಂತಿತ್ತು. ಹಿರಿಸೊಸೆ ಅದನ್ನು ನೋಡಿದಳು. ನಗಬೇಕೋ ಅಳಬೇಕೋ ಗೊತ್ತಾಗದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಂಡ ಲಿಫ್ಟ್ ರಿಪೇರಿಯವನು. ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಂದು, ಕಥೆಯೆಲ್ಲ ಕೇಳಿ, "ಮಗು ದಷ್ಟಪುಷ್ಟ ಆಯ್ತಲ್ಲ. ಯಾರ ಹಾಲಾದ್ರೇನು?" ಎಂದುಬಿಟ್ಟ. ಆಮೇಲೆ ಬಹಳ ದಿನ ಅವನ ತಟ್ಟೆಗೆ ಅನ್ನ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಮರುದಿನದಿಂದಲೇ ಅವಳು ಗುಂಡನನ್ನು ಅಂಗಡಿಗೆ ಹೊತ್ತೊಯ್ದಳು. ಯಜಮಾನಿ ಮುಖ ಗಂಟಿಕ್ಕಿದಳಾದರೂ, ಹಿಂದಿನ ಕೋಣೆಯಲ್ಲಿ ದೊಡ್ಡ ಪೆಟ್ಟಿಗೆಯೊಂದಕ್ಕೆ ಮೆತ್ತನೆಯ ತುಂಡುಬಟ್ಟೆ ಹಾಸಿ ಅವಳೇ ಜಾಗ ಮಾಡಿಕೊಟ್ಟಳು. ಮೊದಮೊದಲು ಗುಂಡ ಹಟ ಹಿಡಿದ. ಎದೆಗಿಟ್ಟರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅತ್ತ. ಸುರಿಯುವ ಹಾಲಿಗೆ ಒಗ್ಗಿದ ಬಾಯಿಗೆ ಇಲ್ಲಿ ದುಡಿದು ಕುಡಿಯಬೇಕಿತ್ತು. ಅವಳೂ ಹಟಮಾರಿ. ಅವನು ತುಟಿ ಚಪ್ಪರಿಸಿದರೆ ಸಾಕು, ಮೆಷಿನ್ ನಿಲ್ಲಿಸಿ ಓಡುತ್ತಿದ್ದಳು. ಹೊತ್ತು ನೋಡಲಿಲ್ಲ, ಇಷ್ಟು ಸಲ ಎಂದು ಎಣಿಸಲಿಲ್ಲ. ಅವನು ಬೇಕೆಂದಾಗಲೆಲ್ಲ ಎದೆ. ಸಾಲದಿದ್ದಾಗ ಮಾತ್ರ ಆಮೇಲೆ ಪುಡಿ ಹಾಲು.

ಅವಳು ಮಗನ ಮೇಲಿನ ಪ್ರೀತಿಯಿಂದ ಅಷ್ಟು ಕಷ್ಟಪಟ್ಟಳು ಎಂದರೆ ಅರ್ಧ ಸುಳ್ಳು. ಪ್ರತಿ ಗುಟುಕಿಗೂ ಅವಳ ಕಣ್ಣೆದುರು ಬರುತ್ತಿದ್ದದ್ದು ಆ ಕಿಟಕಿ, ಆ ತಗ್ಗು ಕುರ್ಚಿ, ಕೊರಳ ಮೂಳೆ ತಟ್ಟುತ್ತಿದ್ದ ಆ ಪುಟ್ಟ ಕೈ. ಹೊಟ್ಟೆಕಿಚ್ಚಿಗೆ ಹಾಲು ಉಕ್ಕಿಸುವ ಶಕ್ತಿ ಇಲ್ಲದಿರಬಹುದು. ಹಟದಿಂದ ಕೂರಿಸುವ ಶಕ್ತಿಯಂತೂ ಇತ್ತು. ಕೂತರೆ ಮಗು ಎಳೆಯಿತು, ಎಳೆದರೆ ಹಾಲು ಬಂತು. ಒಂದು ದಿನ ಗಿರಾಕಿಯೊಬ್ಬಳ ಕೂಸು ಕೌಂಟರಿನ ಆಚೆ ಅತ್ತ ಕೂಡಲೇ ಇವಳ ಎದೆಯಲ್ಲಿ ಜುಂ ಎಂದು ಹಾಲು ಇಳಿದು ಅಂಗಿ ಒದ್ದೆಯಾಯಿತು. ಅವಳು ಬದಲಿಸಲಿಲ್ಲ. ಎದೆಯ ಮೇಲೆ ಎರಡು ದೊಡ್ಡ ಕಲೆ ಹೊತ್ತು, ತಲೆಯೆತ್ತಿ, ಬಸ್‌ಸ್ಟ್ಯಾಂಡಿನ ಮುಂದೆಯೇ ನಡೆದುಕೊಂಡು ಮನೆಗೆ ಬಂದಳು. ಹಜಾರದ ನಡುವೆ ನಿಂತು ಹೇಳಿದಳು: "ಅಯ್ಯೋ, ಇದೊಂದು ಕಾಟ. ಮತ್ತೆ ಅಂಗಿ ಬದಲಿಸ್ಬೇಕು."

ಕಿರಿಸೊಸೆ ತಲೆ ತಗ್ಗಿಸಿ ಬಟ್ಟೆ ಮಡಚುತ್ತಲೇ ಇದ್ದಳು. ಒಂದು ತೋಳನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು. ಹಿರಿಸೊಸೆ ಅದನ್ನು ಗಮನಿಸಿದಳು, ಗಮನಿಸದಂತೆ ಒಳಗೆ ಹೋದಳು.

ಮಾರನೆಯ ಬೆಳಗ್ಗೆ ಕಿರಿಸೊಸೆಗೆ ಜ್ವರ. ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ಒಂದು ಎದೆ ಕಲ್ಲಾಗಿ, ಮೇಲೆ ಅಂಗೈಯಗಲ ಕೆಂಪೇರಿತ್ತು. ಅತ್ತೆ ಅವಸರದಲ್ಲಿ ಹಳೆಯ ಬಟ್ಟೆ ಹರಿಯುತ್ತಿದ್ದರು. "ಬಿಗಿಯಾಗಿ ಕಟ್ತೀನಿ. ಆ ಕಡೆ ಕುಡಿಸಲೇಬೇಡ, ಹಾಲು ಕೆಟ್ಟಿರುತ್ತೆ."

ಕಿರಿಸೊಸೆ ಹಿರಿಯವಳ ಕಡೆ ನೋಡಿದಳು. "ಅಕ್ಕ, ನಿಮಗೆ ಕ್ಲಿನಿಕ್‌ನಲ್ಲಿ ಎಲ್ಲಾ ಹೇಳಿಕೊಟ್ಟಿದ್ದಾರಲ್ಲ. ಕಟ್ಬೇಕಾ? ಕುಡಿಸೋದು ನಿಲ್ಲಿಸಬೇಕಾ?"

ಹಿರಿಸೊಸೆಗೆ ಗೊತ್ತಿತ್ತು. ಹೋದ ಸಲ ತೂಕ ಹಾಕಿಸಲು ಹೋದಾಗ ನರ್ಸಮ್ಮ ಇನ್ನೊಬ್ಬ ತಾಯಿಗೆ ಇದನ್ನೇ ಹೇಳುತ್ತಿದ್ದದ್ದು ಇವಳ ಕಿವಿಗೂ ಬಿದ್ದಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿದಳು.

"ನನಗೇನು ಗೊತ್ತು? ಹಾಲಿನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತಲ್ಲ."

ಗುಂಡನನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬೀದಿಯ ತಿರುವಿನವರೆಗೆ ಅವಳ ಮನಸ್ಸು ಕುಣಿಯುತ್ತಿತ್ತು. ನಲ್ಲಿಯಂತೆ ನಲ್ಲಿ! ಈಗ ಕಟ್ಟಿಕೊಂಡಿತಲ್ಲ.

ಮೆಷಿನ್ನಿನ ಮುಂದೆ ಕೂತಮೇಲೆ ಕುಣಿತ ನಿಂತಿತು. ಒಂದು ಪರದೆಯ ನೆರಿಗೆಯೆಲ್ಲ ಉಲ್ಟಾ ಹೊಲಿದಳು. ಬಿಚ್ಚುತ್ತ ಕೂತಾಗ ಅವಳಿಗೆ ಥಟ್ಟನೆ ಹೊಳೆಯಿತು: ಗುಂಡ ಇಲ್ಲಿ ಬಂದು ಎಳೆದದ್ದಕ್ಕೆ ತನ್ನ ಎದೆ ತುಂಬಿತು. ಹಾಗಾದರೆ ಅಲ್ಲಿ? ಎರಡು ಮಕ್ಕಳಿಗೆ ಹಾಲು ಮಾಡಿಟ್ಟುಕೊಂಡು ಕಾಯುತ್ತಿದ್ದ ಎದೆಯಿಂದ ಒಬ್ಬನನ್ನು ಒಂದೇ ದಿನಕ್ಕೆ ಕಿತ್ತು ತಂದದ್ದು ಯಾರು? ಅಲ್ಲಿ ಗಂಟು ಕಟ್ಟಿರುವುದು ಇವನ ಪಾಲಿನ ಹಾಲು. ಆ ಜ್ವರ ಕೂಡ ಇವನದೇ.

ಅದರಲ್ಲೂ ಅವಳಿಗೆ ಸಣ್ಣಗೆ ಉರಿಯಿತು ಎಂದರೆ ನಂಬಬೇಕು. ತನ್ನ ಮಗನಿಗಾಗಿ ಇನ್ನೊಬ್ಬಳ ಮೈ ಕಾಯಿಲೆ ಬೀಳುವಷ್ಟು ಕಾದಿತ್ತೇ?

ಮಧ್ಯಾಹ್ನಕ್ಕೆ ಮೊದಲೇ ಯಜಮಾನಿಗೆ ಹೇಳಿ ಎದ್ದಳು. ದಾರಿಯಲ್ಲಿ ಕ್ಲಿನಿಕ್ ಹೊಕ್ಕು, ವಾರಗಿತ್ತಿಯ ಜ್ವರ, ಅತ್ತೆಯ ಕಟ್ಟು ಎಲ್ಲ ಹೇಳಿದಳು. ನರ್ಸಮ್ಮ ಕೇಳಿದ ಮೊದಲ ಪ್ರಶ್ನೆಯೇ ಚುರುಕ್ಕೆಂದಿತು: "ಒಮ್ಮೆಲೇ ಯಾರಾದ್ರೂ ಹಾಲು ಬಿಡಿಸಿದ್ರಾ?"

"ಹೂಂ. ನಾನೇ."

"ಬಿಡಿಸೋದಾದ್ರೆ ಮೆಲ್ಲಗೆ ಬಿಡಿಸಬೇಕಮ್ಮ. ಇವತ್ತು ಒಂದು ಸಲ ಕಮ್ಮಿ, ಕೆಲವು ದಿನ ಬಿಟ್ಟು ಇನ್ನೊಂದು ಸಲ ಕಮ್ಮಿ. ಆಗ ಎದೆಗೂ ಗೊತ್ತಾಗುತ್ತೆ, ಮಗೂಗೂ ಗೊತ್ತಾಗುತ್ತೆ. ಈಗ ಹೋಗಿ ಆ ಕಟ್ಟು ಬಿಚ್ಚಿ. ಹಾಲೇನೂ ಕೆಟ್ಟಿರಲ್ಲ, ಆ ಕಡೆಯೂ ಕುಡಿಸ್ತಾ ಇರಲಿ. ಗಂಟನ್ನ ತಿಕ್ಕಿ ಹಿಸುಕೋದು ಬೇಡ. ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಡಿ. ಜ್ವರ ಇದೆ ಅಂದ್ರಲ್ಲ, ಇವತ್ತೇ ಡಾಕ್ಟರಿಗೆ ತೋರಿಸಿ. ನಾಳೆ ಅನ್ನಬೇಡಿ."

ಮನೆಯಲ್ಲಿ ಚಿಟ್ಟೆಯ ಅಳು ಮೆಟ್ಟಿಲವರೆಗೆ ಕೇಳುತ್ತಿತ್ತು. ಕಿರಿಸೊಸೆ ಮಂಚದ ಮೇಲೆ ಮುದುಡಿದ್ದಳು. ಹಿರಿಸೊಸೆ ಅವಳನ್ನು ಎಬ್ಬಿಸಿ ಕೂರಿಸಿ ಕಟ್ಟು ಬಿಚ್ಚಿದಳು. ಬಟ್ಟೆಯ ಅಂಚು ಚರ್ಮದಲ್ಲಿ ಬರೆ ಎಳೆದಿತ್ತು. ಚಿಟ್ಟೆಯನ್ನು ಆ ಕಡೆಗೆ ಇಟ್ಟರೆ, ಕಲ್ಲಿನಂಥ ಎದೆಯನ್ನು ಹಿಡಿಯಲಾರದೆ ಕೂಸು ಜಾರಿ ಜಾರಿ ಅತ್ತಿತು.

"ಬೆಳಗ್ಗೆ ನನಗೆ ಗೊತ್ತಿತ್ತು" ಎಂದಳು ಹಿರಿಸೊಸೆ. "ಹೇಳಲಿಲ್ಲ."

"ನಿಮ್ಮ ಮುಖದಲ್ಲೇ ಕಂಡಿತ್ತು ಅಕ್ಕ."

"ಮತ್ತೆ ಯಾಕೆ ಬಿಟ್ಟೆ? ಇನ್ನೊಂದು ಸಲ ಕೇಳಬೇಕಿತ್ತು."

ಕಿರಿಸೊಸೆ ಮೂಗು ಒರೆಸಿಕೊಂಡಳು. "ಯಾವ ಮುಖ ಇಟ್ಕೊಂಡು ಕೇಳ್ಲಿ? ಅತ್ತೆ ಹೇಳಿದ್ರು ಅಂತ ಕುಡಿಸಿದೆ, ನಿಜ. ಅವನು ಕುಡಿದ್ರೆ ನನಗೂ ಹಗುರ ಆಗ್ತಿತ್ತು, ಅದೂ ನಿಜ. ಆದ್ರೆ ಅಷ್ಟೇ ಅಲ್ಲ. ನೀವು ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟ್ರೆ ನನ್ನ ಹೊಟ್ಟೆ ಉರೀತಿತ್ತು ಅಕ್ಕ. ನಿಮ್ಮ ಕೈಯಲ್ಲಿ ಕೆಲಸ ಇದೆ, ನಾಲ್ಕು ಜನ ಹೊಗಳ್ತಾರೆ. ಸಂಜೆ ಬಂದ್ರೆ ಹೇಳೋಕೆ ಏನಾದ್ರೂ ಇರುತ್ತೆ. ನನಗೇನಿದೆ? ಈ ಮನೇಲಿ ಯಾರಾದ್ರೂ ನನ್ನನ್ನ ಹೊಗಳಿದ್ದು ಅಂದ್ರೆ ಈ ಹಾಲಿಗೇ. ನಿಮ್ಮ ಮಗ ನಿಮ್ಮನ್ನ ಬಿಟ್ಟು ನನ್ನ ಹತ್ರ ಬಾಯಿ ತೆಗೆದಾಗ ನನಗೆ ಖುಷಿ ಆಗ್ತಿತ್ತು. ಸುಳ್ಳು ಯಾಕೆ ಹೇಳ್ಲಿ."

ಹಿರಿಸೊಸೆಗೆ ಅವಳ ಕೆನ್ನೆಗೆ ಒಂದು ಬಿಡಬೇಕು ಅನಿಸಿತು. ಅದೇ ಹೊತ್ತಿಗೆ, ಇಷ್ಟು ದಿನ ಗೋಡೆಯಾಚೆ ತನ್ನಂತೆಯೇ ಒಬ್ಬಳು ಉರಿಯುತ್ತ ಕೂತಿದ್ದಳಲ್ಲ ಎಂದು ವಿಚಿತ್ರವಾದ ಸಮಾಧಾನವೂ ಆಯಿತು. ಅವಳು ಗುಂಡನನ್ನು ನೋಡಿದಳು. ಅವನದು ಗಟ್ಟಿಯಾಗಿ ಹಿಡಿದೆಳೆಯುವ ಬಾಯಿ. ಅಂಗಡಿಯಲ್ಲಿ ದುಡಿದು ಕುಡಿದು ಕಲಿತವನು.

"ಸರಿಯಾಗಿ ಕೂತ್ಕೋ" ಎಂದಳು.

ತನ್ನ ಕೈಯಾರೆ ಅವನನ್ನು ಅವಳ ಎದೆಯ ಹತ್ತಿರ ತಂದಳು. ಬಾಯಿ ದೊಡ್ಡದಾಗಿ ತೆರೆಯಲಿ ಎಂದು ಕಾದಳು. ಅವನು ಅವಳನ್ನು ಮರೆತಿರುತ್ತಾನೆ, ತಾನು ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದಳು. ಅವನು ಮರೆತಿರಲಿಲ್ಲ. ಹಳೆಯ ಪರಿಚಯದವನಂತೆ ಗಬಕ್ಕನೆ ಹಿಡಿದ. ಕಿರಿಸೊಸೆ ನೋವಿಗೆ ತುಟಿ ಕಚ್ಚಿ, ಹಿರಿಯವಳ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದುಕೊಂಡಳು. ಗುಟುಕಿನ ಸದ್ದು ಶುರುವಾಯಿತು. ಹಿರಿಸೊಸೆ ಮುಖ ಆಚೆ ತಿರುಗಿಸಿದಳು. ಕಿವಿಯನ್ನು ತಿರುಗಿಸುವುದು ಹೇಗೆ? ಒಂದೊಂದು ಗುಟುಕೂ ಅವಳೊಳಗೆ ಇಳಿಯಿತು. ಅವನ ಕೈ ಮೇಲೆದ್ದು ಆ ಕೊರಳ ಮೂಳೆಯನ್ನು ಹುಡುಕಿ ತಟ್ಟತೊಡಗಿದಾಗ, ಅವಳು ಆ ಕೈಯನ್ನು ತೆಗೆದು ತನ್ನ ಬೆರಳಿಗೆ ಸುತ್ತಿಕೊಂಡಳು. ಹಾಲಿನಲ್ಲಿ ಪಾಲು ಕೊಟ್ಟೆ, ಇದನ್ನು ಕೊಡುವುದಿಲ್ಲ ಎಂಬಂತೆ.

ಸಂಜೆ ಡಾಕ್ಟರು ಹಾಲುಣಿಸುವವರೂ ತೆಗೆದುಕೊಳ್ಳಬಹುದಾದ ಔಷಧಿ ಬರೆದುಕೊಟ್ಟರು. ಸ್ವಲ್ಪ ತಡಮಾಡಿದ್ದರೆ ಕೀವು ತುಂಬಿ ಕೊಯ್ಯಬೇಕಾಗುತ್ತಿತ್ತು ಎಂದರು. ಅತ್ತೆ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ಕಟ್ಟಿದ ಬಟ್ಟೆಯ ಮಾತು ಆಮೇಲೆ ಅವರ ಬಾಯಲ್ಲಿ ಬರಲೇ ಇಲ್ಲ.

ಅಲ್ಲಿಂದ ಗುಂಡನನ್ನು ಚಿಕ್ಕಮ್ಮನಿಂದ ಮೆಲ್ಲಗೆ ಬಿಡಿಸಿದರು. ಮೊದಲು ದಿನಕ್ಕೊಂದು ಸಲ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಎದೆ ಭಾರವಾದಾಗ ಮಾತ್ರ. ಹಿರಿಸೊಸೆ ಊಟದ ಬಿಡುವಿನಲ್ಲಿ ಅವನನ್ನು ಹೊತ್ತು ತರುತ್ತಿದ್ದಳು. ಅವನು ಕುಡಿದು ಮುಗಿಸುವವರೆಗೆ ಅದೇ ಕೋಣೆಯಲ್ಲಿ ಏನಾದರೂ ಮಡಚುವ ನೆಪದಲ್ಲಿ ಕೂತಿರುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಕಿರಿಸೊಸೆ ನೋಡಿಯೂ ನೋಡದಂತಿದ್ದಳು. ಒಮ್ಮೆ ಮಾತ್ರ ನಗು ತಡೆಯಲಾರದೆ, "ಅಕ್ಕ, ಆ ಟವಲ್ ಸವೆದುಹೋಗುತ್ತೆ" ಎಂದಳು. ಹಿರಿಸೊಸೆಗೂ ನಗು ಬಂತು, ತೋರಿಸಲಿಲ್ಲ.

ಅರ್ಧ ವರ್ಷ ತುಂಬಿ ಮಕ್ಕಳು ತಲೆ ನಿಲ್ಲಿಸಿ ಕೂರುವಂತಾದಾಗ, ದೊಡ್ಡವರ ತಟ್ಟೆಗೆ ಕೈಹಾಕತೊಡಗಿದಾಗ, ನರ್ಸಮ್ಮ ಹಾಲಿನ ಜೊತೆಗೆ ಮೆತ್ತನೆಯ ಊಟ ಶುರುಮಾಡಿ ಎಂದಳು. ಮೊದಲ ತುತ್ತು ಯಾರ ಕೈಯಿಂದ ಎಂಬ ಪ್ರಶ್ನೆ ಎದ್ದಿತು. ಅತ್ತೆಗೆ ಆಸೆ, ಗಂಡನಿಗೂ ಆಸೆ. ಹಿರಿಸೊಸೆ ಕಡ್ಡಿ ಮುರಿದಂತೆ ಹೇಳಿದಳು: "ನಾನು. ಎಲ್ಲರೂ ಹೊರಗೆ ಹೋಗಿ." ಬೇಯಿಸಿ ನುಣ್ಣಗೆ ಹಿಸುಕಿದ ಆಲೂಗಡ್ಡೆಯನ್ನು ಚಮಚದ ತುದಿಯಲ್ಲಿ ಹಿಡಿದು, ಬಹಳ ದಿನದಿಂದ ಕಾದಿಟ್ಟ ಪ್ರೀತಿಯನ್ನೆಲ್ಲ ಸೇರಿಸಿ ಅವನ ಬಾಯಿಗಿಟ್ಟಳು. ಗುಂಡ ಮುಖ ಹುಳಿ ಮಾಡಿಕೊಂಡು ಫೂ ಎಂದು ಅವಳ ಮೂಗಿನ ಮೇಲೆ ಉಗಿದ. ತೆರೆದ ಬಾಗಿಲಿಂದ ತೆವಳಿಕೊಂಡು ಬಂದ ಚಿಟ್ಟೆ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ನೆಕ್ಕಿ ನೆಕ್ಕಿ ಮುಗಿಸಿತು.

ಮಕ್ಕಳಿಗೆ ವರ್ಷ ದಾಟಿದ ಮೇಲೆ ಕಿರಿಸೊಸೆಯೂ ಪರದೆ ಅಂಗಡಿಗೆ ಬರತೊಡಗಿದಳು. ಕೇಳಿದವಳು ಅವಳೇ. ಯಜಮಾನಿಗೆ ಹೇಳಿದವಳು ಹಿರಿಸೊಸೆ, ಅದೂ ಎರಡು ವಾರ ಸತಾಯಿಸಿ. ನೆರಿಗೆ ಹಿಡಿಯುವುದನ್ನು ಕಲಿಸುವಾಗ ಹಿರಿಯವಳ ಬಾಯಿ ಯಜಮಾನಿಯ ಬಾಯಿಗಿಂತ ಜೋರಾಗಿರುತ್ತಿತ್ತು. ಹುಡುಗಿ ಬೇಗ ಕಲಿತಳು. ಯಜಮಾನಿ ಅವಳ ಕೆಲಸ ನೋಡಿ "ಭೇಷ್" ಎಂದ ದಿನ ಹಿರಿಸೊಸೆಗೆ ಊಟ ಸೇರಲಿಲ್ಲ. ಚಿಟ್ಟೆ ಸದ್ದಿಲ್ಲದೆ ಹಾಲು ಬಿಟ್ಟಿತು. ಹಗಲಿನದು ಮೊದಲು ಹೋಯಿತು, ಮಲಗುವಾಗಿನದು ಕೊನೆಗೆ. ಗುಂಡ ಬಿಡಲಿಲ್ಲ. ಓಡಾಡುವ ಹುಡುಗನಾದರೂ ಸಂಜೆ ಅಮ್ಮ ಬಂದ ಕೂಡಲೇ ಅವಳ ಅಂಗಿ ಎಳೆಯುತ್ತಿದ್ದ. "ಇವನನ್ನ ಹೇಗಪ್ಪಾ ಬಿಡಿಸೋದು" ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಹೇಳುವಾಗ ಅವಳ ಮುಖ ನೋಡಿದವರು ಯಾರೂ ಉಪಾಯ ಹೇಳುವ ಗೋಜಿಗೆ ಹೋಗಲಿಲ್ಲ.

ಕೊನೆಗೆ ಅವನೂ ಬಿಟ್ಟ. ಅದಾಗಿ ಕೆಲವು ದಿನಕ್ಕೆ, ಒಂದು ರಜೆಯ ಬೆಳಗ್ಗೆ ಮೆಟ್ಟಿಲ ಹತ್ತಿರ ಆಡುತ್ತಿದ್ದ ಗುಂಡ ಮುಗ್ಗರಿಸಿ ಮೊಣಕಾಲು ತರಚಿಕೊಂಡ. ಹಿರಿಸೊಸೆ ಕೈಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಬಾಗಿಲಿಗೆ ಓಡಿದಳು. ಅವನು ಅಳುತ್ತ ಎದ್ದು, ಸುತ್ತ ನೋಡಿ, ಹತ್ತಿರದಲ್ಲಿ ನಿಂತಿದ್ದ ಅಮ್ಮನನ್ನು ದಾಟಿಕೊಂಡು ಒಳಗೆ ಹೋಗಿ ಚಿಕ್ಕಮ್ಮನ ಕೊರಳಿಗೆ ಜೋತುಬಿದ್ದ. ಕಿರಿಸೊಸೆ ಅವನ ತಲೆಯ ಮೇಲಿಂದ ಅಕ್ಕನ ಕಡೆ ಗಾಬರಿಯಿಂದ ನೋಡಿದಳು.

"ಔಷಧಿ ಮೇಲಿನ ಶೆಲ್ಫಲ್ಲಿದೆ" ಎಂದಳು ಹಿರಿಸೊಸೆ.

ಅವನ ಅಳು ನಿಲ್ಲುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರಲಿಲ್ಲ.